ಹೊತ್ತು ಹುಟ್ಟುವ ಮೊದಲಿನ ತಾರೀಖು

ಆದೋನಿಯ ನೂಲಿನ ಮಿಲ್ಲಿನಲ್ಲಿ ಬೆಳಗಿನ ಸೈರನ್ ನಿಂತ ಮೇಲೂ ಗೇಟಿನ ಹೊರಗೆ ಒಂದು ಗುಂಪು ಉಳಿಯುತ್ತಿತ್ತು. ಅವರು ಬದಲಿಯವರು. ಕಾಯಂ ಕೆಲಸಗಾರ ಯಾರಾದರೂ ಬರದಿದ್ದರೆ ಆ ದಿನದ ಮಟ್ಟಿಗೆ ಅವನ ಜಾಗದಲ್ಲಿ ನಿಲ್ಲಲು ಕಾದಿರುವವರು. ಟೈಮ್‌ಕೀಪರ್ ಕಟ್ಟೆ ಹತ್ತಿ ಬರದವರ ಹೆಸರುಗಳನ್ನು ಒಂದೊಂದಾಗಿ ಕೂಗುವರು. ಒಂದು ಹೆಸರಿಗೆ ಒಬ್ಬ ಮುಂದೆ ಬಂದು, ಆ ಹೆಸರಿನ ಹಿತ್ತಾಳೆ ಬಿಲ್ಲೆ ಇಸಕೊಂಡು ಒಳಗೆ ಹೋಗುವನು. ಮೊದಲು ಕೈ ಎತ್ತಿದವನಿಗೆ ಕೂಲಿ, ಹಾಗಾಗಿ ನೂಕಾಟ ಇದ್ದದ್ದೇ.

ಆ ದಿನ ಒಂದು ಹೆಸರು ಕೂಗಿದಾಗ ಗುಂಪು ಮುಂದೆ ನುಗ್ಗಲಿಲ್ಲ. ಹಿಂದೆ ಸರಿಯಿತು. ನಾನು ಎದುರಿನ ಅಂಗಡಿಯಲ್ಲಿ ಚಹಾ ಕುಡಿಯುತ್ತ ನೋಡುತ್ತಿದ್ದೆ. ಟೈಮ್‌ಕೀಪರ್ ಕಾಗದದಿಂದ ಕಣ್ಣೆತ್ತದೆ ಅದೇ ಹೆಸರನ್ನು ಇನ್ನೊಮ್ಮೆ ಕೂಗಿದರು, ಕೂಗಿದ ಮೇಲೆ ತಮ್ಮ ಬಾಯಿಂದ ಏನು ಬಂತೆಂದು ಅವರಿಗೇ ತಿಳಿಯಿತು. ಆ ಹೆಸರಿನವರು ಸತ್ತು ವರ್ಷವಾಗುತ್ತ ಬಂದಿತ್ತು. ಅವರ ಬಿಲ್ಲೆ ಹಲಗೆಯ ಮೇಲೆ ಇರಲೇ ಇಲ್ಲ. ಆ ಕಾಗದ ಬಂದದ್ದು ನಾನು ಕೂಡಿಸಿದ ಕಂಪ್ಯೂಟರಿನಿಂದ.

ದೆವ್ವ ಭೂತದ ಬಗ್ಗೆ ನನ್ನ ನಿಲುವು ಊರಿಗೆಲ್ಲ ಗೊತ್ತಿತ್ತು. ಕಾಲೇಜಿನಲ್ಲಿದ್ದಾಗ ಚರ್ಚಾಸ್ಪರ್ಧೆಗೆಂದು ಕರ್ನೂಲು, ಬಳ್ಳಾರಿ, ಅನಂತಪುರ ತಿರುಗಿದವನು ನಾನು. ತೆಲುಗಿನಲ್ಲೂ ಕನ್ನಡದಲ್ಲೂ, ಬೆಳಿಗ್ಗೆ ಪರವಾಗಿ ಸಂಜೆ ವಿರುದ್ಧವಾಗಿ ಮಾತಾಡಿ ಢಾಲು ತಂದವನು. ಅಲ್ಲಿ ಕಲಿತದ್ದು ಒಂದೇ: ಎದುರಿನವರು ಏನೇ ಹೇಳಲಿ, ಅದು ನಿಮಗೆ ಗೊತ್ತಾದದ್ದು ಹೇಗೆ ಅಂತ ಕೇಳಬೇಕು, ಉತ್ತರ ಬರುವವರೆಗೆ ಬಿಡಬಾರದು. ಇದರಿಂದ ಮನೆಯಲ್ಲಿ ನೆಮ್ಮದಿ ಇರಲಿಲ್ಲ. ಅಮ್ಮ ನನಗೆ ದೃಷ್ಟಿ ತೆಗೆದು ಮೆಣಸಿನಕಾಯಿ ಒಲೆಗೆ ಹಾಕಿ, ಘಾಟೇ ಬರಲಿಲ್ಲ ನೋಡು, ಎಷ್ಟು ಕಣ್ಣು ಬಿದ್ದಿತ್ತು ಅನ್ನುವಳು. ನಾನು ಕೆಮ್ಮುತ್ತಲೇ ಅವಳ ಜೊತೆ ವಾದಕ್ಕೆ ನಿಲ್ಲುವೆನು.

ಎಂಬತ್ತರ ದಶಕದ ಕೊನೆಯ ಮಾತು ಇದು. ಮಿಲ್ಲಿನವರು ಒಂದು ಯೂನಿಕ್ಸ್ ಯಂತ್ರ ಕೊಂಡಿದ್ದರು. ಎರಡು ಟರ್ಮಿನಲ್, ಒಂದು ಪ್ರಿಂಟರ್. ಕೆಲಸಗಾರರ ವಿವರ ಇಡಲು ಡೇಟಾಬೇಸ್ ಬೇಕಿತ್ತು. ಅಂಗಡಿಯಲ್ಲಿ ಕೊಳ್ಳಲು ಹೋದರೆ ಯಂತ್ರದಷ್ಟೇ ತುಟ್ಟಿ. ಮದ್ರಾಸಿನಲ್ಲಿ ನನಗೆ ಕಲಿಸಿದ ಗುರುಗಳ ಬಳಿ ಅಮೆರಿಕದ ಒಂದು ವಿಶ್ವವಿದ್ಯಾಲಯದವರು ಬರೆದು ಹಂಚಿದ ಡೇಟಾಬೇಸ್ ಇತ್ತು. ಅದು ತಯಾರಾದ ಪ್ರೋಗ್ರಾಂ ಅಲ್ಲ, ಅದರ ಮೂಲ ಬರಹ. ಸಿ ಭಾಷೆಯಲ್ಲಿ ಬರೆದ ನೂರಾರು ಕಡತಗಳು, ಒಂದು ಟೇಪಿನ ಮೇಲೆ. ಅದನ್ನು ನಮ್ಮ ಯಂತ್ರಕ್ಕೆ ಹೊಂದಿಸಿ, ಕಂಪೈಲ್ ಮಾಡಿ, ಅಂದರೆ ಯಂತ್ರ ನಡೆಸಬಲ್ಲ ರೂಪಕ್ಕೆ ತಿರುಗಿಸಿ, ನಡೆಯುವಂತೆ ಮಾಡುವುದು ನಮ್ಮ ಪಾಡು. ಮ್ಯಾನೇಜರಿಗೆ ಇದನ್ನು ವಿವರಿಸಿದೆ. ಅವರು ಕೇಳಿಸಿಕೊಂಡು, ಹಾಗಾದರೆ ನೀನು ತಂದದ್ದು ಅರಳೆ, ನೂಲಲ್ಲ ಅಂದರು. ಅದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ.

ಅರಳೆಯಿಂದ ನೂಲು ತೆಗೆಯಲು ಬೇಸಿಗೆ ಪೂರ್ತಿ ಹಿಡಿಯಿತು. ಡಿಸ್ಕಿನಲ್ಲಿ ಜಾಗ ಎಲ್ಲಿ, ಕೋಷ್ಟಕಗಳು ಎಷ್ಟು ದೊಡ್ಡವಿರಬಹುದು, ಯಾರು ಓದಬಹುದು, ಯಾರು ಅಳಿಸಬಹುದು, ಎಲ್ಲವನ್ನೂ ಬರೆದು ಕೊಡಬೇಕಿತ್ತು. ನಮ್ಮ ಯಂತ್ರಕ್ಕೆ ಹೊಂದದ ಸಾಲುಗಳನ್ನು ಹುಡುಕಿ ತಿದ್ದಬೇಕಿತ್ತು. ತಿದ್ದಿದ ಮೇಲೆ ಮೇಕ್ ಎಂಬ ಆಜ್ಞೆ ಕೊಟ್ಟರೆ ಅದು ಕಡತಗಳನ್ನು ಒಂದೊಂದಾಗಿ ನೋಡಿ, ಹೊಸದಾಗಿ ತಿದ್ದಿದ್ದನ್ನಷ್ಟೇ ಮತ್ತೆ ಕಂಪೈಲ್ ಮಾಡುವುದು. ಎಲ್ಲ ಸೇರಿ ಕೊನೆಗೆ ಆಗುವುದು ಸರ್ವರ್: ಹಿಂದೆ ಸದಾ ಎಚ್ಚರವಾಗಿ ಕೂತು, ಎರಡೂ ಟರ್ಮಿನಲ್ಲಿನಿಂದ ಬಂದ ಪ್ರಶ್ನೆಗೆ ಉತ್ತರ ಕೊಡುವ ಪ್ರೋಗ್ರಾಂ. ಪಾಳಿಯಲ್ಲಿ ಇರಬೇಕಾದವರು ಒಂದು ಕೋಷ್ಟಕ, ಬಂದವರ ಬಿಲ್ಲೆಗಳು ಇನ್ನೊಂದು ಕೋಷ್ಟಕ. ಮೊದಲನೆಯದರಲ್ಲಿ ಎರಡನೆಯದನ್ನು ಕಳೆ ಅಂದರೆ ಗೈರುಹಾಜರಾದವರು ಸಿಗುತ್ತಾರೆ.

ಆ ಮೂಲ ಬರಹವನ್ನು ಒಂಟಿಯಾಗಿ ಓದುವುದೇ ಒಂದು ಬಗೆಯ ಅನುಭವ. ಬರೆದವರು ನಡುನಡುವೆ ಟಿಪ್ಪಣಿ ಬಿಟ್ಟಿರುತ್ತಾರೆ. ಒಂದು ಕಡೆ, ಇದು ಯಾಕೆ ನಡೆಯುತ್ತದೋ ತಿಳಿಯದು, ಮುಟ್ಟಬೇಡಿ ಎಂದಿತ್ತು. ಇನ್ನೊಂದು ಕಡೆ, ಇಲ್ಲಿಗೆ ಯಾರೂ ಬರುವುದಿಲ್ಲ ಎಂದು ಬರೆದು ಕೆಳಗೆ ಖಾಲಿ ಬಿಟ್ಟಿದ್ದರು. ಯಾರೋ, ಎಲ್ಲಿಯೋ, ಈಗ ಇದ್ದಾರೋ ಇಲ್ಲವೋ. ಎಸಿಯ ಗುಂಯ್ ಸದ್ದಿನಲ್ಲಿ, ನೂಲಿನ ಯಂತ್ರಗಳ ನಡುಕ ನೆಲದಿಂದ ಪಾದಕ್ಕೆ ಏರುತ್ತಿರುವಾಗ ಇಂಥದ್ದನ್ನು ಓದಿದರೆ ಕತ್ತಿನ ಹಿಂದೆ ಯಾರೋ ನಿಂತ ಹಾಗೆ ಆಗುವುದು. ತಣ್ಣನೆ ಗಾಳಿ ಹಿಂದಿನಿಂದ ಬರುತ್ತಿತ್ತು, ಅಷ್ಟೇ. ನಾನು ಎದ್ದು ಹೋಗಿ ಖಾತ್ರಿ ಮಾಡಿಕೊಂಡಿದ್ದೇನೆ.

ಆ ಕೋಣೆಯ ಬೀಗದ ಕೈ ಆಚಾರ್ಯರ ಬಳಿ ಇತ್ತು. ಆಫೀಸಿನ ಹಳೆಯ ಹೆಡ್ ಕ್ಲಾರ್ಕು ಅವರು, ತಲೆಮಾರುಗಳಿಂದ ಊರಲ್ಲಿರುವ ವೈಷ್ಣವ ಮನೆತನ. ಧೂಳು ಬೀಳಬಾರದೆಂದು ಚಪ್ಪಲಿ ಹೊರಗೆ ಬಿಡಿ ಎಂದು ನಾನೇ ಬೋರ್ಡು ಹಾಕಿದ್ದೆ. ಅವರು ಅದನ್ನು ಮಡಿಯ ಕೋಣೆ ಎಂದು ತಿಳಿದು ಸಂತೋಷದಿಂದ ಜವಾಬ್ದಾರಿ ಒಪ್ಪಿಕೊಂಡಿದ್ದರು. ಹಗಲು ಕರೆಂಟು ಹೋಗಿ ಬಂದು ಮಾಡುತ್ತಿತ್ತು, ಬೆಳಗಿನ ಜಾವ ಮಾತ್ರ ತಡೆಯಿಲ್ಲದೆ ಇರುತ್ತಿತ್ತು. ಅದಕ್ಕೆ ಅವರು ಕತ್ತಲಿರುವಾಗಲೇ ಸ್ನಾನ ಮುಗಿಸಿ ಬಂದು ಯಂತ್ರ ಹೊತ್ತಿಸಿ, ಅದು ಕೇಳಿದಾಗ ತಾರೀಖು ಹೊತ್ತು ಟೈಪ್ ಮಾಡಿ, ಸಂಧ್ಯಾವಂದನೆಗೆ ಮನೆಗೆ ಹೋಗುವರು. ತಾರೀಖು ಕೊಡಲೇಬೇಕಿತ್ತು. ನಮ್ಮ ಯಂತ್ರಕ್ಕೆ ಆರಿಸಿದ ಮೇಲೆ ಹೊತ್ತಿನ ನೆನಪು ಉಳಿಯುತ್ತಿರಲಿಲ್ಲ. ಎದ್ದ ಪ್ರತಿಸಲವೂ ಅದಕ್ಕೆ 1970ರ ಜನವರಿ ಒಂದು, ಬೆಳಗಿನ ಐದೂವರೆ. ಯೂನಿಕ್ಸಿನ ಕಾಲ ಎಣಿಕೆ ಶುರುವಾಗುವುದೇ ಅಲ್ಲಿಂದ, ನಮ್ಮ ದೇಶದ ಗಡಿಯಾರದ ಪ್ರಕಾರ ಅದು ಐದೂವರೆ. ಇದರಲ್ಲಿ ಏನೂ ಇಲ್ಲ. ಆದರೆ ಇದನ್ನು ನಾನು ಹೇಳಿದಾಗ ಎದುರಿಗೆ ಕೂತ ಹುಡುಗಿ, "ಹಂಗಾರ ಅದು ಎದ್ದಾಗೆಲ್ಲ ನಮ್ಮಪ್ಪ ಇನ್ನಾ ಬದುಕ್ಯಾನ ಅಲ್ರಿ ಸರ?" ಅಂದಳು.

ಆಕೆಯ ವಿಷಯವೇ ಈ ಬರಹದ ವಿಷಯ. ಕೌತಾಳದ ಕಡೆಯ ರೈತರ ಮನೆಯವಳು, ಟೈಪಿಂಗ್ ಪಾಸಾದವಳು. ಅಪ್ಪ ನಮ್ಮ ಮಿಲ್ಲಿನಲ್ಲೇ ನೂಲಿನ ಖಾತೆಯಲ್ಲಿದ್ದರು. ಎರಡನೇ ಪಾಳಿಯಲ್ಲಿ ಎದೆ ಹಿಡಿದುಕೊಂಡು ಕೂತವರು ಮತ್ತೆ ಏಳಲಿಲ್ಲ. ತಮ್ಮಂದಿರು ಇನ್ನೂ ಶಾಲೆಯಲ್ಲಿದ್ದರು, ಹಾಗಾಗಿ ಅಪ್ಪನ ಬದಲಿಗೆ ನೌಕರಿ ಮಗಳಿಗೆ ಬಂತು. ಅವರ ಮನೆತನದಲ್ಲಿ ಹೊಲದಾಚೆ ಸಂಬಳಕ್ಕೆ ಹೋದ ಹೆಣ್ಣುಮಗಳು ಆಕೆಯೇ ಮೊದಲು. ದಿನಾ ಮೊದಲ ಬಸ್ಸಿಗೆ ಬಂದು ಸಂಜೆಯ ಬಸ್ಸಿಗೆ ಹೋಗುವಳು. ಕೆಲಸಗಾರರ ಕೋಷ್ಟಕಕ್ಕೆ ಹೆಸರು ಸೇರಿಸುವುದು, ತೆಗೆಯುವುದು, ಎರಡೂ ಅಧಿಕಾರ ನಾನು ಆಕೆಯ ಲಾಗಿನ್ನಿಗೆ ಮಾತ್ರ ಕೊಟ್ಟಿದ್ದೆ. ಹಳೆಯ ಪುಸ್ತಕಗಳಿಂದ ಎಲ್ಲರನ್ನೂ ಟೈಪ್ ಮಾಡಿದವಳು ಆಕೆ, ಆಮೇಲೆ ನಿವೃತ್ತರನ್ನು, ಬಿಟ್ಟುಹೋದವರನ್ನು, ಸತ್ತವರನ್ನು ಅಳಿಸಿದವಳೂ ಆಕೆ.

ಗೇಟಿನಲ್ಲಿ ಹೆಸರು ಕೂಗಿದ ದಿನ ನಾನು ಒಳಗೆ ಹೋದಾಗ ಆಕೆ ಟರ್ಮಿನಲ್ ಮುಂದೆ ಕೂತಿದ್ದಳು. ಪರದೆಯ ಮೇಲೆ ಒಂದೇ ಸಾಲು. ಅಪ್ಪನ ಬಿಲ್ಲೆಯ ನಂಬರು, ಹೆಸರು, ಖಾತೆ, ಪಾಳಿ. ಹಿಂದಿನ ದಿನವೇ ಅಳಿಸಿದ್ದೆ ಅಂದಳು. ಮರೆತಿರಬೇಕು ಅಂದೆ. ಅಪ್ಪನ ಹೆಸರು ಅಳಿಸಿದ್ದು ಮರೀತಾರೇನ್ರಿ ಅಂದಳು. ನನ್ನೆದುರಿಗೇ ಮತ್ತೆ ಅಳಿಸಿದಳು. ಒಂದು ಸಾಲು ತೆಗೆಯಲಾಯಿತು ಎಂದಿತು ಯಂತ್ರ. ಮತ್ತೆ ಕೇಳಿದರೆ ಇಲ್ಲ ಎಂದಿತು. ಸಂಜೆ ಯಂತ್ರ ಆರಿಸಿ ಹೋದೆವು. ಮರುದಿನ ಅವರು ಇದ್ದರು.

ಬೇರೆ ಯಾರೂ ಬರುತ್ತಿರಲಿಲ್ಲ. ಇದನ್ನು ಗಮನಿಸಬೇಕು. ಅದೇ ವಾರ ಅಳಿಸಿದ ಬೇರೆ ಸತ್ತವರು, ನಿವೃತ್ತರು, ಎಲ್ಲರೂ ಹೋದವರು ಹೋಗಿಯೇಬಿಟ್ಟಿದ್ದರು. ರಾತ್ರಿ ಕಳೆದರೆ ಬರುತ್ತಿದ್ದದ್ದು ಇವರೊಬ್ಬರೇ. ನಾನು ಒಂದು ಉಪಾಯ ಮಾಡಿದೆ: ಅವರ ಬಿಲ್ಲೆಯ ನಂಬರನ್ನು ಮಿಲ್ಲಿನಲ್ಲಿ ಇಲ್ಲದ ನಂಬರಿಗೆ ಬದಲಾಯಿಸಲು ಹೇಳಿದೆ. ಮರುದಿನ ಬೆಳಿಗ್ಗೆ ನೋಡಿದರೆ ಅವರು ಇಬ್ಬರಾಗಿದ್ದರು. ಹೊಸ ನಂಬರಿನಲ್ಲಿ ಒಬ್ಬರು, ಹಳೆಯದರಲ್ಲಿ ಒಬ್ಬರು. ಹೊಸಬರನ್ನು ಅಳಿಸಿದಾಗ ಹೋದರು. ಹಳಬರು ಹೋಗಲಿಲ್ಲ. ಆಕೆ ಆ ದಿನ ಬುತ್ತಿ ಬಿಚ್ಚಲಿಲ್ಲ.

ಆಮೇಲೆ ಒಂದು ಪದ್ಧತಿ ಬೆಳೆಯಿತು. ಬಂದ ಕೂಡಲೇ ಆಕೆ ಮೊದಲು ಅಪ್ಪನನ್ನು ಅಳಿಸುವಳು, ಆಮೇಲೆ ಬಿಲ್ಲೆಗಳನ್ನು ಟೈಪ್ ಮಾಡಿ ಗೇಟಿಗೆ ಪಟ್ಟಿ ಕೊಡುವಳು. ನಾನು ಮಾಡುತ್ತೇನೆ ಬಿಡಿ ಅಂದೆ. ಬ್ಯಾರೆಯವರ ಕೈಲೆ ಬ್ಯಾಡ ಅಂದಳು. ಗೇಟಿನಲ್ಲಿ ಹೆಸರು ಕೂಗುವುದು ನಿಂತಿತು, ಆದರೆ ಟೈಮ್‌ಕೀಪರ್ ಆ ಹೆಸರು ಬರಬೇಕಾದ ಜಾಗ ಬಂದಾಗ ಒಂದು ಗಳಿಗೆ ತಡೆದು ಮುಂದಿನದನ್ನು ಕೂಗುತ್ತಿದ್ದರು. ಬೇಕೆಂದು ಅಲ್ಲ. ಬಾಯಿಗೆ ರೂಢಿ ಬಿದ್ದಿತ್ತು. ಆ ಗಳಿಗೆಯಲ್ಲಿ ಬದಲಿಯವರೆಲ್ಲ ನೆಲ ನೋಡುವರು.

ಸುದ್ದಿ ಬಸ್ಸಿನಲ್ಲಿ ಆಕೆಗಿಂತ ಮೊದಲು ಕೌತಾಳಕ್ಕೆ ಹೋಯಿತು. ಆಕೆಯ ತಾಯಿ ಊಟ ಬಿಟ್ಟರಂತೆ. ಒಂದು ದಿನ ಸೋದರಮಾವ ಬಂದರು. ಗಟ್ಟಿ ಆಳು, ರುಮಾಲು ಕಂಕುಳಲ್ಲಿ ಇಟ್ಟುಕೊಂಡು ನೆಲದ ಮೇಲೆ ಕೂತರು, ಕುರ್ಚಿ ಬೇಡ ಅಂದರು. ಕೆಲಸ ಬಿಡಿಸಿ ಕರೆದೊಯ್ಯಲು ಬಂದದ್ದು ಅವರು, ಅದನ್ನು ಮೊದಲೇ ಹೇಳಿದರು. ನಾನು ನನ್ನ ವಾದದ ಸಾಮಾನೆಲ್ಲ ತೆಗೆದೆ. ಡಿಸ್ಕು ಎಂದರೇನು, ಸಾಲು ಎಂದರೇನು, ಹೆಸರು ಮನುಷ್ಯನಲ್ಲ, ಯಂತ್ರದ ತಪ್ಪಿಗೆ ಮನುಷ್ಯ ಯಾಕೆ ಹೆದರಬೇಕು. ಅವರು ನಡುವೆ ಬಾಯಿ ಹಾಕದೆ ಪೂರ್ತಿ ಕೇಳಿದರು. ಆಮೇಲೆ ಹೇಳಿದರು:

"ಸಾರು, ನೀವು ಓದಿದವರು. ನಾ ಒಂದ ಕೇಳ್ತೀನಿ. ಮಣ್ಣು ಕೊಡಾಂವ ಮಗ, ಅದೂ ಒಂದ ಸಲ. ಈಕಿ ದಿನಾ ಹೊತ್ತಾರೆ ಎದ್ದು ಅಪ್ಪಗ ಮಣ್ಣು ಕೊಡಾಕತ್ಯಾಳ. ಯಾವ ಮನ್ಯಾಗ ಐತಿ ಇದು?"

ಸಭೆಯಲ್ಲಿ ಇಂಥ ಪ್ರಶ್ನೆ ಬಂದರೆ ಅದು ಭಾವನೆ, ತರ್ಕವಲ್ಲ ಎಂದು ತಳ್ಳಿಹಾಕಬಹುದು. ಎದುರಿಗೆ ಅಂಕ ಕೊಡುವವರು ಇರುತ್ತಾರೆ, ನಗುತ್ತಾರೆ. ಇಲ್ಲಿ ಅಂಕ ಕೊಡುವವರು ಇರಲಿಲ್ಲ. ಆ ಹುಡುಗಿ ಕೀಬೋರ್ಡಿನ ಮೇಲಿನ ಅರಳೆಯ ನವಿರನ್ನು ಒಂದೊಂದಾಗಿ ತೆಗೆಯುತ್ತ ಕೂತಿದ್ದಳು. ಆಕೆಗೆ ಆ ಕೆಲಸ ಬೇಕಿತ್ತು. ಅದನ್ನು ಯಾರೂ ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ; ಆಗ ಕೇಳಿದೆ. ಮಾಮನ ಮುಖ ನೋಡದೆ ಹೇಳಿದಳು, ಬಿಡಿಸಿದರೆ ಬರೋ ವರ್ಷ ಪೆದ್ದಕಡುಬೂರಿನ ಕಡೆ ಒಂದು ಮನೆಗೆ ಮದುವೆ, ಆಮೇಲೆ ಏನೂ ಇಲ್ಲ. ಮಾಮ ಅದನ್ನು ಅಲ್ಲಗಳೆಯಲಿಲ್ಲ. ಬರುವ ಅಮಾವಾಸ್ಯೆಯವರೆಗೆ ನೋಡುತ್ತೇನೆ ಅಂದರು. ಅಷ್ಟರಲ್ಲಿ ನಿಂತರೆ ಸರಿ.

ಒಳಗಿನ ತಪ್ಪು ನನಗೆ ಸಿಕ್ಕಿತು. ಮೂಲ ಬರಹ ಕೈಯಲ್ಲಿದ್ದರೆ ಸಿಗದೆ ಎಲ್ಲಿ ಹೋಗುತ್ತದೆ? ಡೇಟಾಬೇಸು ಸಾಲುಗಳನ್ನು ಬಿಲ್ಲೆಯ ನಂಬರಿನ ಪ್ರಕಾರ ಪುಟಗಳಲ್ಲಿ ಹಂಚಿಡುತ್ತದೆ. ಒಂದು ಪುಟದಲ್ಲಿ ಸಾಮಾನ್ಯವಾಗಿ ಹಲವರು. ಒಬ್ಬರನ್ನು ಅಳಿಸಿದರೆ ಉಳಿದವರ ಸಮೇತ ಆ ಪುಟವನ್ನು ಡಿಸ್ಕಿಗೆ ಮತ್ತೆ ಬರೆಯುತ್ತದೆ. ಆದರೆ ಆಕೆಯ ಅಪ್ಪನದು ಬಹಳ ಹಳೆಯ ನಂಬರು. ಅವರ ಸರೀಕರೆಲ್ಲ ಒಬ್ಬೊಬ್ಬರಾಗಿ ಅಳಿದು ಆ ಪುಟದಲ್ಲಿ ಅವರೊಬ್ಬರೇ ಉಳಿದಿದ್ದರು. ಅವರನ್ನೂ ಅಳಿಸಿದರೆ ಪುಟ ಖಾಲಿ. ಖಾಲಿ ಪುಟದಲ್ಲಿ ಬರೆಯಲು ಏನಿದೆ ಎಂದು ಆ ಪ್ರೋಗ್ರಾಂ ಬರೆಯದೆ ಬಿಟ್ಟುಬಿಡುತ್ತಿತ್ತು. ಯಂತ್ರ ನಡೆಯುವಾಗಿನ ನೆನಪಿನಿಂದ ಹೋದವರು ಡಿಸ್ಕಿನಲ್ಲಿ ಹಾಗೇ ಇರುತ್ತಿದ್ದರು. ಯಂತ್ರ ಆರಿಸಿ ಹೊತ್ತಿಸಿದರೆ ಡಿಸ್ಕಿನವರೇ ಎದ್ದು ಬರುವರು. ಒಬ್ಬಂಟಿಯಾಗಿದ್ದವನು ಮನೆ ಬಿಟ್ಟು ಹೋದರೆ, ಹೋದ ಎಂದು ಹೇಳಲು ಮನೆಯಲ್ಲಿ ಯಾರೂ ಇಲ್ಲದ ಹಾಗೆ.

ಮರುದಿನ ಬೆಳಗಿನ ಜಾವ ಬಂದು ಅದನ್ನು ತಿದ್ದಿದೆ. ನಾನು ಆ ಹೊತ್ತಿಗೇ ಕೆಲಸ ಮಾಡುತ್ತಿದ್ದದ್ದು, ಆಚಾರ್ಯರು ಯಂತ್ರ ಹೊತ್ತಿಸಿ ಹೋದ ಮೇಲೆ, ಟರ್ಮಿನಲ್ಲುಗಳು ಖಾಲಿ ಇರುವಾಗ. ಮೇಕ್ ಕೊಟ್ಟೆ. ಪರದೆ ತುಂಬ ಸಾಲುಗಳು ಹರಿದು ಹೋದವು. ಸರ್ವರ್ ಮತ್ತೆ ಶುರು ಮಾಡಿದೆ. ಮಾಮನಿಗೆ ಹೇಳಿ ಕಳಿಸಿದೆ: ನಾಳೆ ಬಂದು ನೋಡಿ, ಅವರು ಬರುವುದಿಲ್ಲ. ಆ ಹುಡುಗಿಗೂ ಕಾರಣ ವಿವರಿಸಿದೆ, ಪುಟ, ಡಿಸ್ಕು, ಎಲ್ಲ. ಆಕೆ ಹಗುರಾದಳು. ಸಂಜೆ ನನ್ನೊಂದಿಗೆ ಚಹಾ ಕುಡಿದು ಹೋದಳು.

ಮರುದಿನ ಮಾಮ ಮೊದಲ ಬಸ್ಸಿಗೇ ಬಂದು ಆಕೆಯ ಕುರ್ಚಿಯ ಹಿಂದೆ ನಿಂತರು. ಆಕೆ ಹೆಸರು ಕೇಳಿದಳು. ಇದ್ದರು.

ಮಾಮ ನನ್ನನ್ನು ಹಂಗಿಸಲಿಲ್ಲ. ಅಮಾವಾಸ್ಯೆ ಇನ್ನೂ ಐತಲ್ಲ ಅಂದು ಹೊರಟರು. ಹಂಗಿಸಿದ್ದರೆ ಚೆನ್ನಾಗಿತ್ತು.

ಮುಂದಿನ ದಿನಗಳು ನನಗೆ ಹಿಡಿಸಲಿಲ್ಲ. ಬೆಳಗಿನ ಜಾವ ಬಂದು ಆ ಕಡತ ತೆರೆದರೆ ನಾನು ತಿದ್ದಿದ್ದು ಹಾಗೇ ಇರುತ್ತಿತ್ತು. ಸರಿಯಾಗಿಯೇ ಇತ್ತು. ಆದರೆ ಸರ್ವರ್ ಅದು ಇಲ್ಲವೆಂಬಂತೆ ನಡೆಯುತ್ತಿತ್ತು. ತಿದ್ದುವಾಗಲೇ ಆ ಜಾಗದಲ್ಲಿ ಒಂದು ಮಾತು ಸೇರಿಸಿದ್ದೆ: ಖಾಲಿ ಪುಟ ಬರೆಯುತ್ತಿದ್ದೇನೆ ಎಂದು ಪರದೆಯ ಮೇಲೆ ಹೇಳು. ಅಳಿಸಿ ನೋಡಿದರೆ ಅದು ಹೇಳಲಿಲ್ಲ. ಒಂದು ಮಧ್ಯಾಹ್ನ ಬೇರೆ ಕಡತದಲ್ಲಿ ಇಂಥದ್ದೇ ಒಂದು ಮಾತು ಸೇರಿಸಿದೆ, ಅದನ್ನು ಹೇಳಿತು. ಅಂದರೆ ನನ್ನ ಮಧ್ಯಾಹ್ನದ ಮಾತು ಅದಕ್ಕೆ ಕೇಳಿಸುತ್ತಿತ್ತು, ಬೆಳಗಿನ ಮಾತು ಕೇಳಿಸುತ್ತಿರಲಿಲ್ಲ. ನಾನು ಬೆಳಿಗ್ಗೆ ಆ ಕೋಣೆಯಲ್ಲಿ ಇರುವುದೇ ಇಲ್ಲವೇನೋ ಅನಿಸಿತು. ಕುರ್ಚಿ ಬಿಸಿಯಾಗಿತ್ತು, ನಾನೇ ಕೂತದ್ದು. ಆದರೂ ಆ ದಿನ ಕಿಟಕಿಯ ಗಾಜಿನಲ್ಲಿ ನನ್ನ ನೆರಳು ಇದೆಯೇ ಎಂದು ನೋಡಿಕೊಂಡೆ. ನೋಡಿಕೊಂಡದ್ದಕ್ಕೆ ಸಿಟ್ಟು ಬಂತು.

ಸಿಟ್ಟು ಒಳ್ಳೆಯದೇ ಮಾಡಿತು. ಕಡತಗಳ ಪಟ್ಟಿಯನ್ನು ಹೊತ್ತಿನ ಸಮೇತ ತೆಗೆಸಿ ನೋಡಿದೆ. ಆ ಬೆಳಿಗ್ಗೆ ನಾನು ತಿದ್ದಿ ಉಳಿಸಿದ ಕಡತಕ್ಕೆ ಅದರ ಹಿಂದಿನ ದಿನದ ತಾರೀಖು. ಆ ಹಿಂದಿನ ದಿನ ಮಧ್ಯಾಹ್ನ, ತಪ್ಪು ಹುಡುಕುತ್ತಿದ್ದಾಗ, ಅದರಿಂದ ಕಂಪೈಲ್ ಮಾಡಿದ್ದ ಕಡತಕ್ಕೂ ಅದೇ ತಾರೀಖು, ಮಧ್ಯಾಹ್ನದ ಹೊತ್ತು. ಅಂದರೆ ಯಂತ್ರದ ಲೆಕ್ಕದಲ್ಲಿ ನಾನು ತಿದ್ದಿದ್ದು ಆ ಕಂಪೈಲಿಗಿಂತ ಮೊದಲು. ಅರಳೆ ಹಳೆಯದು, ನೂಲು ಹೊಸದು, ಮತ್ತೆ ನೂಲುವ ಅಗತ್ಯವಿಲ್ಲ. ಮೇಕ್ ನನ್ನ ತಿದ್ದುಪಡಿಯನ್ನು ನೋಡಿ, ಇದು ಹಳೆಯದು ಎಂದು ದಾಟಿ ಹೋಗುತ್ತಿತ್ತು. ದಿನವೂ.

ಬೆಳಿಗ್ಗೆ ತಾರೀಖು ಕೊಡುವವರು ಆಚಾರ್ಯರು. ಮಧ್ಯಾಹ್ನ ಕರೆಂಟು ಹೋಗಿ ಬಂದಾಗ ಕೊಡುವವನು ನಾನು. ಅವರ ಮನೆಗೇ ಹೋದೆ. ಪಡಸಾಲೆಯಲ್ಲಿ ಪಂಚಾಂಗ ನೋಡುತ್ತ ಕೂತಿದ್ದರು. ಬೆಳಿಗ್ಗೆ ಯಾವ ತಾರೀಖು ಹಾಕುತ್ತೀರಿ ಎಂದು ಕೇಳಿದೆ. ನಿನ್ನೆಯದು ಎಂದರು, ಏನೂ ಆಗದವರಂತೆ.

"ಯಾಕ್ರೀ ಆಚಾರ್ರೇ?"

"ಹೊತ್ತು ಹುಟ್ಟಿರಂಗಿಲ್ಲಲ್ಲೋ ತಮ್ಮಾ. ಹೊತ್ತು ಹುಟ್ಟೋ ಮಟ ನಿನ್ನೀ ದಿನಾನೇ ನಡದದ. ವಾರ ಹುಟ್ಟೋದು ಸೂರ್ಯೋದಯಕ್ಕ."

ತಾರೀಖು ಬೇರೆ, ತ್ರಯೋದಶಿ ಚತುರ್ದಶಿ ಬೇರೆ ಎಂದೆ. ಇಂಗ್ಲಿಷ್ ತಾರೀಖು ನಡುರಾತ್ರಿಗೆ ಬದಲಾಗುತ್ತದೆ ಎಂದೆ. ಅವರು ಕನ್ನಡಕ ಹಣೆಗೆ ಏರಿಸಿ ನನ್ನನ್ನೇ ನೋಡಿದರು. "ನಡುರಾತ್ರಿ ದಿನ ಬದಲಾಗೋದು ನೀ ನೋಡೀಯೇನು? ಹೊತ್ತು ಹುಟ್ಟೋದು ನಾ ದಿನಾ ಕಣ್ಣಾರೆ ನೋಡ್ತೀನಿ. ಆಧಾರ ಆಧಾರ ಅಂತ ಊರಿಗೆಲ್ಲಾ ಕೇಳ್ತೀ, ಈಗ ಹೇಳು." ಒಳಗಿನಿಂದ ಅವರ ಮನೆಯವರು ನಕ್ಕದ್ದು ಕೇಳಿಸಿತು. ಅವರು ಸುಳ್ಳು ಬರೆದವರಲ್ಲ. ಇಷ್ಟು ವರ್ಷ ಮಿಲ್ಲಿನ ಎಲ್ಲ ಕಾಗದ ಬೆಳಕಾದ ಮೇಲೆ ಬರೆದವರು. ಕತ್ತಲಲ್ಲಿ ತಾರೀಖು ಹಾಕುವ ಪ್ರಸಂಗ ಅವರಿಗೆ ನನ್ನ ಯಂತ್ರದಿಂದಲೇ ಮೊದಲು ಬಂದದ್ದು. ಹುಟ್ಟದ ದಿನದ ಹೆಸರು ಬರೆಯಲು ಅವರ ಕೈ ಏಳಲಿಲ್ಲ.

ಅಮಾವಾಸ್ಯೆಯ ದಿನ ಮಾಮ ಬಂದರು. ಈ ಸಲ ನಾನು ಮುಂಚಿತವಾಗಿ ಏನೂ ಹೇಳಿರಲಿಲ್ಲ. ಆ ಬೆಳಿಗ್ಗೆಯೂ ಆಕೆಯ ಅಪ್ಪ ಬಂದಿದ್ದರು, ಆಕೆ ಅಳಿಸಿದ್ದಳು, ಗೇಟಿನಲ್ಲಿ ಟೈಮ್‌ಕೀಪರ್ ತಡೆದಿದ್ದರು. ಬೆಳಗಿನ ಪಟ್ಟಿ ಮುಗಿದ ಮೇಲೆ ಹಳೆಯ ಸರ್ವರ್ ನಿಲ್ಲಿಸಿದೆ. ತಾರೀಖು ಸರಿ ಮಾಡಿದೆ. ಕಂಪೈಲ್ ಆದದ್ದನ್ನೆಲ್ಲ ಅಳಿಸಿ, ಟೇಪಿನಿಂದ ಬಂದ ಮೊದಲ ದಿನದಂತೆ, ಮೊದಲ ಕಡತದಿಂದ ಮತ್ತೆ ಕಟ್ಟಿಸಿದೆ. ಮಧ್ಯಾಹ್ನದ ಮೇಲೆ ಅದು ಮುಗಿಯಿತು. ಕರೆಂಟು ಹೋಗಲಿಲ್ಲ. ಮಾಮ ಅಷ್ಟು ಹೊತ್ತೂ ಗೋಡೆಗೆ ಒರಗಿ ಕೂತಿದ್ದರು. ಊಟ ಮಾಡಿ ಬನ್ನಿ ಅಂದರೆ ಆಗಲಿ ಅನ್ನುವರು, ಏಳರು.

ಹೊಸ ಸರ್ವರ್ ಶುರುವಾಯಿತು. ಅಪ್ಪ ಡಿಸ್ಕಿನಿಂದ ಎದ್ದು ಬಂದಿರಬೇಕು, ಯಾಕೆಂದರೆ ಹಳೆಯ ಪ್ರೋಗ್ರಾಂ ಬೆಳಗಿನ ಅಳಿಸುವಿಕೆಯನ್ನು ಬರೆದಿರುವುದಿಲ್ಲ. ಈಗ ಕೊನೆಯ ಸಲ ಅಳಿಸಬೇಕು, ಈ ಸಲ ಅದು ಉಳಿಯುತ್ತದೆ. ಇದನ್ನೆಲ್ಲ ಇಬ್ಬರಿಗೂ ಹೇಳಿದೆ. ಆಕೆ ಸೆರಗಿನಿಂದ ಕೈ ಒರೆಸಿಕೊಂಡು ಕೂತಳು. ಕೊನೆಯ ಸಲ ಎಂಬ ಮಾತು ಆಕೆಯ ಬೆರಳುಗಳನ್ನು ತಡೆದಂತೆ ಕಂಡಿತು. ಇಷ್ಟು ದಿನ ಅಳಿಸಿದ್ದು ನಾಳೆ ಬರುತ್ತಾರೆಂದು ಗೊತ್ತಿದ್ದು ಅಳಿಸಿದ್ದು. ಮಾಮ ಏನೋ ತೆಲುಗಿನಲ್ಲಿ ಮೆತ್ತಗೆ ಹೇಳಿದರು. ಆಕೆ ಟೈಪ್ ಮಾಡಿ ಕೀಲಿ ಒತ್ತಿದಳು.

ಪರದೆಯ ಮೇಲೆ ಬಂದದ್ದು ಸೊನ್ನೆ. ಯಾವ ಸಾಲೂ ತೆಗೆಯಲಾಗಿಲ್ಲ.

ಹೆಸರಿನಿಂದ ಕೇಳಿದಳು, ನಂಬರಿನಿಂದ ಕೇಳಿದಳು. ಇರಲಿಲ್ಲ.

ಮಾಮ ಎದ್ದು ಬಂದು ಪರದೆಗೆ ಬಗ್ಗಿ, "ಏನಂತೈತವ್ವ?" ಅಂದರು.

"ಇಲ್ಲಂತ, ಮಾಮ." ಆಕೆ ಅಲುಗಲಿಲ್ಲ. "ನಾ ಅಳಿಸೋಕಿಂತ ಮದಲೇ ಹೋಗ್ಯಾನ."

ಮಾಮ ರುಮಾಲು ತಲೆಗೆ ಸುತ್ತಿಕೊಂಡರು. ಅವರ ಮುಖದಲ್ಲಿ ಭಯ ಇರಲಿಲ್ಲ, ಬಂದ ಕೆಲಸ ಆದವರ ಮುಖ. ಮಗಳ ಕೈಲಿಂದ ಆಗಲಿಲ್ಲಲ್ಲ, ಅದು ಚಲೋ ಆತು ಅಂದರು. ಬಾಗಿಲಲ್ಲಿ ನಿಂತು, ನಾಳೆ ಬಸ್ಸು ತಪ್ಪಿಸಬ್ಯಾಡ ಎಂದು ಆಕೆಗೆ ಹೇಳಿ ಹೋದರು. ಹೀಗೆ ಆಕೆಯ ನೌಕರಿ ಉಳಿಯಿತು. ನನ್ನ ಸಾಕ್ಷ್ಯದಿಂದಲ್ಲ, ನನ್ನ ಸಾಕ್ಷ್ಯ ತಪ್ಪಾದದ್ದರಿಂದ.

ಹೊಸ ಪ್ರೋಗ್ರಾಂ ಶುರುವಾಗುವಾಗ ತಾನಾಗಿ ಏನನ್ನೂ ಅಳಿಸುವುದಿಲ್ಲ, ಆ ಭಾಗವನ್ನು ಸಾಲುಸಾಲಾಗಿ ಓದಿದ್ದೇನೆ. ಹಳೆಯದು ಅದೊಂದು ದಿನ ಮಾತ್ರ ಖಾಲಿ ಪುಟ ಬರೆದಿರಬಹುದೇ? ಟೇಪಿನಿಂದ ಹಳೆಯದನ್ನು ಮತ್ತೆ ಕಟ್ಟಿ, ಅದೇ ಪುಟದಲ್ಲಿ, ಅದೇ ನಂಬರಿಗೆ, ಇಲ್ಲದ ಒಬ್ಬ ಮನುಷ್ಯನ ಹೆಸರು ಹಾಕಿ ಅಳಿಸಿ ನೋಡಿದೆ. ಹಲವು ದಿನ ನೋಡಿದೆ. ನಿಲ್ಲಿಸಿ ಶುರು ಮಾಡಿದ ಪ್ರತಿಸಲವೂ ಆ ಕಲ್ಪನೆಯ ಮನುಷ್ಯ ಎದ್ದು ಬಂದ. ಒಮ್ಮೆಯೂ ತಾನಾಗಿ ಹೋಗಲಿಲ್ಲ. ಹೊಸದರಲ್ಲಿ ಅಳಿಸಿದಾಗ ಹೋದ, ಮತ್ತೆ ಬರಲಿಲ್ಲ. ಎರಡೂ ಪ್ರೋಗ್ರಾಂ ನಾನು ಹೇಳಿದ ಹಾಗೆಯೇ ನಡೆಯುತ್ತವೆ. ಆ ಒಂದು ಮಧ್ಯಾಹ್ನವನ್ನು ಬಿಟ್ಟರೆ ನನ್ನ ವಾದದಲ್ಲಿ ತೂತಿಲ್ಲ.

ಉಳಿದದ್ದು ಒಂದೇ ಪರೀಕ್ಷೆ, ಆಕೆಯ ಅಪ್ಪನ ಹೆಸರಿನಿಂದಲೇ ಮಾಡುವುದು. ತರ್ಕದ ಪ್ರಕಾರ ಅದರ ಅಗತ್ಯವಿಲ್ಲ. ಪುಟಕ್ಕೆ ನಂಬರು ಗೊತ್ತೇ ಹೊರತು ಹೆಸರು ಗೊತ್ತಿಲ್ಲ. ಹಾಗಿದ್ದ ಮೇಲೆ ಮಾಡಿದರೂ ಏನೂ ಆಗಬಾರದು, ಅಲ್ಲವೇ? ಒಂದು ದಿನ ಆಕೆ ಊಟಕ್ಕೆ ಹೋಗಿದ್ದಾಗ ಆಕೆಯ ಟರ್ಮಿನಲ್ಲಿನಲ್ಲಿ ಕೂತು ಸೇರಿಸುವ ಆಜ್ಞೆ ಬರೆದೆ, ನಂಬರು ಬರೆದೆ, ಹೆಸರನ್ನೂ ಪೂರ್ತಿ ಬರೆದೆ. ಕೀಲಿ ಒತ್ತುವುದಷ್ಟೇ ಬಾಕಿ. ಎಷ್ಟು ಹೊತ್ತು ಹಾಗೆ ಕೂತಿದ್ದೆನೋ ತಿಳಿಯದು. ಎಸಿ ನಿಂತಿತ್ತು, ಕೋಣೆ ತಣ್ಣಗೇ ಇತ್ತು.

ಆಕೆ ಯಾವಾಗ ಬಂದು ಹಿಂದೆ ನಿಂತಳೋ ನನಗೆ ಗೊತ್ತಾಗಲಿಲ್ಲ. ಪರದೆಯ ಮೇಲಿನ ಹೆಸರನ್ನು ಓದಿದಳು. ನಾನು ಕಾರಣ ಹೇಳಲು ಬಾಯಿ ತೆರೆದೆ, ಪರೀಕ್ಷೆ, ಆಧಾರ, ಇತ್ಯಾದಿ. ಆಕೆ ಕೇಳಿಸಿಕೊಳ್ಳಲಿಲ್ಲ.

"ಅದನ್ನ ಅಳಿಸಿ ಏಳ್ರಿ ಸರ. ನಾ ಕುಂದ್ರೋ ಜಾಗ ಅದು."

ಒಂದೊಂದೇ ಅಕ್ಷರ ಹಿಂದಕ್ಕೆ ಅಳಿಸಿ ಎದ್ದೆ.